ಪದಕ ಬತ್ತದಾ ಅಂತ ಕೇಳುವ ಸ್ವಾಮಿಗಳಿಗೆ



ಜಪಾನಿನ ಐಚಿ-ನಗೋಯಾದಲ್ಲಿ ಏಷ್ಯಾ ಖಂಡದ ಅಂಗವಿಕಲರ ಕ್ರೀಡಾಕೂಟ, ಅಂದರೆ ಏಷ್ಯನ್ ಪ್ಯಾರಾ ಗೇಮ್ಸ್, 2026ರ ಅಕ್ಟೋಬರ್ 18ರಿಂದ 24ರವರೆಗೆ ಎಂದು ಗೊತ್ತಾಗಿದೆ. ಈ ಕೂಟದ ಮಾತು ಬಂದ ಕಡೆಯೆಲ್ಲ ಒಂದು ಪ್ರಶ್ನೆ ಮುಂಚೆಯೇ ಬಂದು ಕೂತಿರುತ್ತದೆ. ನಮ್ಮ ರಾಜೀವನಗರದ ಟೀ ಅಂಗಡಿಯಲ್ಲೂ ಅದೇ, ಪೇಪರಿನ ಆಟದ ಪುಟದಲ್ಲೂ ಅದೇ, ಹಾರ ಹಿಡಿದು ಕಾಯುವ ರಾಜಕಾರಣಿಯ ಬಾಯಲ್ಲೂ ಅದೇ. 'ಚಿಕ್ಕಮಗಳೂರಿನ ಆ ಕಣ್ಣು ಕಾಣದ ಹುಡುಗಿ ರಕ್ಷಿತಾ ರಾಜು, ಎರಡು ಸಲ ಚಿನ್ನ ಹೊಡೆದಳಲ್ಲ, ಇನ್ನೊಂದು ಸಲ ಪದಕ ಬತ್ತದಾ?'

ಕೇಳುವವರೆಲ್ಲ ಕೆಟ್ಟವರು ಎಂದು ನಾವು ಹೇಳುತ್ತಿಲ್ಲ. ಪ್ರೀತಿಯಿಂದ ಕೇಳುವವರೂ ಇದ್ದಾರೆ. ಆದರೆ ಈ ಪ್ರಶ್ನೆಯ ಹೊಟ್ಟೆಯೊಳಗೆ ಒಂದು ತಕ್ಕಡಿ ಇದೆ. ಆ ತಕ್ಕಡಿಯನ್ನು ನಮ್ಮ ಕೇರಿಗಳು ಬಹಳ ಕಾಲದಿಂದ ಬಲ್ಲವು. ಆದ್ದರಿಂದ ಮೊದಲು ಪ್ರಶ್ನೆಗೆ ಮುಖಾಮುಖಿ ಉತ್ತರ ಕೊಡುತ್ತೇವೆ. ತಕ್ಕಡಿಯ ವಿಚಾರ ಆಮೇಲೆ.

ಲೆಕ್ಕ ಹೀಗಿದೆ. 2018ರಲ್ಲಿ ಜಕಾರ್ತದ ಏಷ್ಯನ್ ಪ್ಯಾರಾ ಕೂಟದಲ್ಲಿ 1500 ಮೀಟರ್ ಓಟದ ಟಿ-11 ವಿಭಾಗದಲ್ಲಿ ರಕ್ಷಿತಾಗೆ ಚಿನ್ನ. 2022ರಲ್ಲಿ ನಡೆಯಬೇಕಾಗಿದ್ದು ಮುಂದಕ್ಕೆ ಹೋಗಿ 2023ರ ಅಕ್ಟೋಬರಿನಲ್ಲಿ ನಡೆದ ಚೀನಾದ ಹಾಂಗ್‌ಝೌ ಕೂಟದಲ್ಲಿ ಅದೇ ಓಟದಲ್ಲಿ ಮತ್ತೆ ಚಿನ್ನ. ಅಲ್ಲಿ ಆಕೆ ತೆಗೆದುಕೊಂಡ ಹೊತ್ತು 5 ನಿಮಿಷ 21 ಸೆಕೆಂಡು ಚಿಲ್ಲರೆ. ಆ ಕೂಟದಲ್ಲಿ ಭಾರತಕ್ಕೆ ಒಟ್ಟು 111 ಪದಕ ಬಂದವು. ದಿಲ್ಲಿಯವರು ಆ ಸಂಖ್ಯೆಯನ್ನು ಜಾತ್ರೆಯ ತೇರಿನ ಹಾಗೆ ಎಳೆದುಕೊಂಡು ತಿರುಗಿದರು. 2024ರಲ್ಲಿ ರಕ್ಷಿತಾ ಪ್ಯಾರಿಸ್ಸಿಗೆ ಹೋದಳು. ಪ್ಯಾರಾಲಿಂಪಿಕ್ಸಿನ 1500 ಮೀಟರಿನಲ್ಲಿ ಓಡಿದ ಭಾರತದ ಮೊದಲ ಅಂಧ ಮಹಿಳೆ ಆಕೆಯೇ. ಅಲ್ಲಿ ಮೊದಲ ಸುತ್ತಿನಿಂದ ಆಚೆಗೆ ಹೋಗಲಾಗಲಿಲ್ಲ. ಅದೇ ಓಟದ ಫೈನಲಿನಲ್ಲಿ ಇಥಿಯೋಪಿಯಾದ ಯಾಯೇಶ್ ಗೇಟ್ ತೆಸ್ಫಾವ್ ಎಂಬ ಹೆಣ್ಣುಮಗಳು 4 ನಿಮಿಷ 27 ಸೆಕೆಂಡು ಚಿಲ್ಲರೆಯಲ್ಲಿ ಓಡಿ ವಿಶ್ವದಾಖಲೆ ಬರೆದಳು. ಎರಡನೆಯವಳು ಚೀನಾದ ಹೆ ಶಾನ್‌ಶಾನ್.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಾಂಗ್‌ಝೌನಲ್ಲಿ ನಮ್ಮ ಹುಡುಗಿ ಓಡಿದ ವೇಗಕ್ಕೂ ಪ್ಯಾರಿಸ್ಸಿನ ಚಿನ್ನಕ್ಕೂ ನಡುವೆ ಐವತ್ತು ಸೆಕೆಂಡಿಗೂ ಹೆಚ್ಚು ಅಂತರ. ಅಂಗಳದ ಮೇಲೆ ಅಳೆದರೆ, ಇಥಿಯೋಪಿಯಾದವಳು ಗೆರೆ ದಾಟಿ ನಿಂತಾಗ ನಮ್ಮವಳಿಗೆ ಇನ್ನೂ 250 ಮೀಟರು ಬಾಕಿ. ಅರ್ಧ ಸುತ್ತಿಗಿಂತ ಹೆಚ್ಚು. ಚೀನಾದ ಬೆಳ್ಳಿಯವಳು ನಗೋಯಾಕ್ಕೂ ಬಂದು ನಿಂತರೆ ನಮ್ಮವಳಿಗೆ ಚಿನ್ನ ಕಷ್ಟ. ತಂಡದಲ್ಲಿ ಹೆಸರು ಬಂದು, ಮೈ ಸರಿಯಾಗಿದ್ದು, ಜೊತೆ ಸರಿಯಾಗಿದ್ದರೆ ಮೂವರೊಳಗೆ ಒಬ್ಬಳಾಗುವ ದಾರಿ ಏಷ್ಯಾದಲ್ಲಿ ಮುಚ್ಚಿಲ್ಲ. ಲೋಕದ ಮಟ್ಟದಲ್ಲಿ ಮಾತ್ರ ಈ ಐವತ್ತು ಸೆಕೆಂಡನ್ನು ಯಾರಾದರೂ ತುಂಬಿಕೊಡಬೇಕು. ಇಷ್ಟು ನಿಮ್ಮ ಪ್ರಶ್ನೆಗೆ ಉತ್ತರ.

ಈಗ ನಮ್ಮ ಪ್ರಶ್ನೆ. ಆ ಐವತ್ತು ಸೆಕೆಂಡು ಯಾರ ಸಾಲ?

'ಅವಳ ಕಾಲು ಸಾಲದು, ಅವಳ ಶಕ್ತಿ ಅಷ್ಟೇ' ಎನ್ನುವವರು ಇದ್ದಾರೆ. ಅವರಿಗೆ ಈ ಓಟ ಏನೆಂದೇ ಗೊತ್ತಿಲ್ಲ. ಟಿ-11 ಅಂದರೆ ಕಣ್ಣು ಪೂರ್ತಿ ಕಾಣದವರ, ಇಲ್ಲವೇ ಬೆಳಕು ಮಬ್ಬಾಗಿ ತಿಳಿಯುವವರ ವಿಭಾಗ. 1500 ಮೀಟರ್ ಅಂದರೆ 400 ಮೀಟರಿನ ಅಂಗಳದಲ್ಲಿ ಮೂರೂಮುಕ್ಕಾಲು ಸುತ್ತು. ನೂರು ಮೀಟರಿನ ಹಾಗೆ ತನ್ನ ಗೆರೆಯೊಳಗೆ ಕಣ್ಣುಮುಚ್ಚಿ ನುಗ್ಗುವ ಆಟ ಇದಲ್ಲ. ತಿರುವು ಬರುತ್ತದೆ, ಗುಂಪು ಬರುತ್ತದೆ, ಮೊಣಕೈ ತಾಗುತ್ತದೆ, ಮುಂದಿನವಳ ಹಿಮ್ಮಡಿ ಕಾಲಿಗೆ ಸಿಕ್ಕುತ್ತದೆ. ಉಸಿರನ್ನು ಎಲ್ಲಿ ಉಳಿಸಬೇಕು, ಎಲ್ಲಿ ಸುರಿದುಬಿಡಬೇಕು ಎಂದು ಕಣ್ಣಿದ್ದವರೇ ತಪ್ಪುವ ಓಟ ಇದು. ಆದ್ದರಿಂದ ಜೊತೆಗೊಬ್ಬ ಓಡುತ್ತಾನೆ. ಗೈಡ್ ರನ್ನರ್ ಅನ್ನುತ್ತಾರೆ. ಇಬ್ಬರ ಕೈ ನಡುವೆ ಒಂದು ಗೇಣು ಹಗ್ಗ. ತಿರುವು ಬಂತು, ಇನ್ನೊಂದು ಸುತ್ತು, ಎದುರಿಗೆ ಇಬ್ಬರಿದ್ದಾರೆ, ಈಗ ಬಿಡು ಎಂದು ಆತ ಹೇಳುತ್ತಲೇ ಇರಬೇಕು. ಓಡುತ್ತಲೇ ಇರಬೇಕು. ಓಡಿಕೊಂಡೇ ಮಾತಾಡುವಷ್ಟು ಉಸಿರು ಆತನಲ್ಲಿ ಮಿಕ್ಕಿರಬೇಕು ಅಂದರೆ ಆತ ಆಕೆಗಿಂತ ಎಷ್ಟೋ ವೇಗದ ಓಟಗಾರನಾಗಿರಬೇಕು. ಗೈಡಿನ ಉಸಿರು ನಿಂತ ಕಡೆಗೇ ಓಟಗಾರ್ತಿಯ ವೇಗವೂ ನಿಲ್ಲುತ್ತದೆ.

ರಕ್ಷಿತಾ ಜೊತೆ ಓಡಿದವರು ರಾಹುಲ್ ಬಾಲಕೃಷ್ಣ. ತಾವೇ ಮಧ್ಯಮ ದೂರದ ಓಟಗಾರರಾಗಿದ್ದವರು, ಆಕೆಗೆ ಕೋಚೂ ಹೌದು, ಗೈಡೂ ಹೌದು. ಹಾಂಗ್‌ಝೌನ ಫೋಟೋ ನೋಡಿದವರಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ಇವತ್ತು ಪ್ಯಾರಾಲಿಂಪಿಕ್ಸಿನಲ್ಲಿ ಗೈಡಿನ ಕೊರಳಿಗೂ ಪದಕ ಹಾಕುತ್ತಾರೆ. ನಮ್ಮ ಪತ್ರಿಕೆಗಳು ಮಾತ್ರ ಇನ್ನೂ ಅರ್ಧ ಫೋಟೋವನ್ನೇ ಓದುತ್ತವೆ.

ಹೀಗಾಗಿ ಪದಕ ಬತ್ತದಾ ಎಂಬ ಪ್ರಶ್ನೆಯನ್ನು ಸರಿಯಾಗಿ ಕೇಳಬೇಕಾದರೆ ಹಗ್ಗದ ಇನ್ನೊಂದು ತುದಿಯನ್ನು ನೋಡಿ ಕೇಳಬೇಕು. ಆ ತುದಿ ಹಿಡಿಯಲು ನಾಡಿನಲ್ಲಿ ಎಷ್ಟು ಜನ ತಯಾರಾಗಿದ್ದಾರೆ? ಆತ ಹೊಟ್ಟೆಗೆ ಏನು ತಿನ್ನಬೇಕು? ತನ್ನ ಸ್ವಂತ ಓಟ, ಸ್ವಂತ ಕನಸು, ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ಸಿಗಬಹುದಾಗಿದ್ದ ಕೆಲಸ, ಎಲ್ಲ ಬಿಟ್ಟು ಇನ್ನೊಬ್ಬಳ ಓಟವನ್ನು ಓಡುವವನಿಗೆ ಈ ಸರ್ಕಾರ ಏನು ಹೆಸರಿಟ್ಟಿದೆ, ಎಷ್ಟು ಸಂಬಳ ಗೊತ್ತುಮಾಡಿದೆ? ಇದನ್ನು ಟೀ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ.

ಹಗ್ಗದ ನಿಯಮಗಳನ್ನು ನಾವು ಓದಿದಾಗ ನಮಗೆ ನಮ್ಮದೇ ವಿಚಾರ ನೆನಪಾಯಿತು. ಕೇಳಿ. ಹಗ್ಗ ರಬ್ಬರಿನ ಹಾಗೆ ಹಿಗ್ಗುವಂಥದ್ದಾಗಿರಬಾರದು. ಗೈಡ್ ಎಳೆಯುವಂತಿಲ್ಲ. ತಳ್ಳುವಂತಿಲ್ಲ. ಕೊನೆಯ ಗೆರೆಯನ್ನು ಓಟಗಾರ್ತಿಯೇ ಮೊದಲು ದಾಟಬೇಕು, ಗೈಡ್ ಮುಂದೆ ದಾಟಿದರೆ ಓಟವೇ ರದ್ದು. ಹಗ್ಗ ಬಿಡುವಂತೆಯೂ ಇಲ್ಲ. 2024ರಲ್ಲಿ ಪ್ಯಾರಿಸ್ಸಿನ ಮ್ಯಾರಥಾನಿನಲ್ಲಿ ಸ್ಪೇನಿನ ಎಲೆನಾ ಕೊಂಗೋಸ್ತ್ ಮೂರನೆಯವಳಾಗಿ ಬರುತ್ತಿದ್ದಳು. ಗೆರೆ ಇನ್ನು ಕೆಲವೇ ಮೀಟರು ಇದೆ ಅನ್ನುವಾಗ ಅವಳ ಗೈಡಿಗೆ ಕಾಲು ಹಿಡಿದುಕೊಂಡು ಬೀಳುವಂತಾದ. ಅವಳು ಒಂದು ಗಳಿಗೆ ಹಗ್ಗ ಬಿಟ್ಟು ಆತನನ್ನು ಹಿಡಿದಳು. ಅಷ್ಟಕ್ಕೇ ಕಂಚು ಹೋಯಿತು. ಈ ನಿಯಮ ಕ್ರೂರ ಅಂತ ಅನೇಕರು ಬರೆದರು. ನಾವೂ ಹಾಗೇ ಅಂದುಕೊಳ್ಳುತ್ತೇವೆ. ಆದರೆ ಈ ಆಟ ಒಂದು ಮಾತನ್ನು ಸ್ಪಷ್ಟವಾಗಿ ಒಪ್ಪಿಕೊಂಡಿದೆ: ಜೊತೆ ಇರುವುದು ಬೇರೆ, ಎಳೆದುಕೊಂಡು ಹೋಗುವುದು ಬೇರೆ. ಜೊತೆಗೊಬ್ಬ ಇದ್ದ ಮಾತ್ರಕ್ಕೆ ಓಡಿದವಳು ಅವಳಲ್ಲ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಬೆವರು ಅವಳದು, ಕಾಲು ಅವಳದು, ಹೊತ್ತು ಅವಳ ಹೆಸರಿಗೇ ಬರೆಯುತ್ತಾರೆ.

ನಮಗೇನು ಹೇಳುತ್ತಾರೆ? ಕಾಲೇಜಿನ ಕಾರಿಡಾರಿನಲ್ಲಿ, ಕಛೇರಿಯ ಮೇಜಿನ ಆಚೆಯಿಂದ, 'ನೀವೆಲ್ಲ ಕೋಟಾದಲ್ಲಿ ಎಳೆದುಕೊಂಡು ಬಂದವರು' ಎನ್ನುತ್ತಾರೆ. ಬಿ.ಎ. ಓದಿದ ನಮ್ಮಲ್ಲಿ ಈ ಮಾತು ಕೇಳದೆ ಪದವಿ ಕೈಗೆ ತೆಗೆದುಕೊಂಡವನು ಒಬ್ಬನೂ ಇಲ್ಲ. ಸ್ವಾಮಿ, ಮೀಸಲಾತಿ ಎಂಬ ಗೇಣು ಹಗ್ಗ ನಮ್ಮನ್ನು ಒಂದು ಅಂಗುಲವೂ ಎಳೆದಿಲ್ಲ. ಅದು ತಿರುವು ಎಲ್ಲಿದೆ ಎಂದು ಹೇಳಿತು, ಅಷ್ಟೆ. ಪರೀಕ್ಷೆ ಬರೆದವರು ನಾವು. ಹಾಸ್ಟೆಲಿನ ನೀರು ಸಾರು ಉಂಡವರು ನಾವು. ಅಪ್ಪನ ಜೊತೆ ಮಣ್ಣು ಹೊತ್ತು ಬಂದು ರಾತ್ರಿ ಓದಿದವರು ನಾವು.

'ಪ್ರತಿಭೆ' ಎಂಬ ಈ ಮಂತ್ರ ಮೈಸೂರಿಗೆ ಹೊಸದೂ ಅಲ್ಲ. 1918ರಲ್ಲಿ ನಾಲ್ವಡಿಯವರು ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಹೇಗೆ ಕೊಡಬೇಕೆಂದು ನೋಡಲು ಮಿಲ್ಲರ್ ಸಮಿತಿ ನೇಮಿಸಿದಾಗ, ಪ್ರತಿಭೆಗೆ ಪೆಟ್ಟು ಬೀಳುತ್ತದೆ ಎಂದು ದಿವಾನ್ ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ, ಅದೇ ವರ್ಷದ ಕೊನೆಗೆ ದಿವಾನಗಿರಿಯನ್ನೇ ಬಿಟ್ಟರು. ಕಟ್ಟೆ ಕಟ್ಟಿಸಿದವರು ಅವರೇ. ಕಟ್ಟೆಯ ನೀರು ಯಾವ ಗದ್ದೆಗೆ ಹರಿಯಿತು, ಯಾವ ಕೇರಿಯ ಪಕ್ಕದಲ್ಲಿ ಹಾದುಹೋಯಿತು ಎಂಬುದನ್ನು ಇನ್ನೊಂದು ಸಂಚಿಕೆಯಲ್ಲಿ ಬರೆಯುತ್ತೇವೆ.

ಟಿ-11 ಓಟದಲ್ಲಿ ಇನ್ನೊಂದು ನಿಯಮವಿದೆ. ಪ್ರತಿಭಾವಂತರು ದಯವಿಟ್ಟು ಗಮನವಿಟ್ಟು ಓದಬೇಕು. ಆ ವಿಭಾಗದಲ್ಲಿ ಓಡುವವರೆಲ್ಲರೂ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳಬೇಕು. ಮೊದಲೇ ಕಣ್ಣು ಕಾಣದವರಿಗೆ ಪಟ್ಟಿ ಯಾಕೆ? ಯಾಕೆಂದರೆ ಒಬ್ಬಳಿಗೆ ಎಳ್ಳಷ್ಟು ಬೆಳಕು ತಿಳಿಯಬಹುದು, ಇನ್ನೊಬ್ಬಳಿಗೆ ಅದೂ ಇಲ್ಲ. ಆ ಎಳ್ಳಷ್ಟು ಬೆಳಕೂ ಅನ್ಯಾಯವಾಗುತ್ತದೆ ಎಂದು ಎಲ್ಲರಿಗೂ ಪಟ್ಟಿ. ಎಂಥಾ ನ್ಯಾಯ ನೋಡಿ! ನಮ್ಮ ದೇಶದಲ್ಲಿ ಸಮಾನ ಓಟ ಬೇಕು ಎನ್ನುವವರು ಅಜ್ಜನ ಜಮೀನಿನ ಬೆಳಕು, ಮಾವನ ಶಿಫಾರಸಿನ ಬೆಳಕು, ಹೆಸರಿನ ಬಾಲದ ಬೆಳಕು, ಅಗ್ರಹಾರದ ಮನೆಯ ಪುಸ್ತಕದ ಬೀರುವಿನ ಬೆಳಕು ಎಲ್ಲ ಇಟ್ಟುಕೊಂಡೇ ಗೆರೆಯ ಮೇಲೆ ನಿಲ್ಲುತ್ತಾರೆ. ಪಟ್ಟಿ ಕಟ್ಟಿಕೊಳ್ಳಿ ಸ್ವಾಮಿ. ಕಟ್ಟಿಕೊಂಡು ಒಂದು ಸುತ್ತು ಬನ್ನಿ. ಆಮೇಲೆ ಪ್ರತಿಭೆಯ ವಿಚಾರ ಮಾತಾಡೋಣ.

ರಕ್ಷಿತಾಳ ಜಾತಿ ಯಾವುದೆಂದು ನಾವು ವಿಚಾರಿಸಲು ಹೋಗಿಲ್ಲ. ವಿಚಾರಿಸುವುದೂ ಇಲ್ಲ. ಆಕೆಗೆ ಹತ್ತು ವರ್ಷ ತುಂಬುವುದರೊಳಗೆ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಸಾಕಿದವಳು ಅಜ್ಜಿ. ಆ ಅಜ್ಜಿಗೆ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಒಂದು ಗಳಿಗೆ ಈ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಮೊಮ್ಮಗಳ ಮಾತು ಅಜ್ಜಿಗೆ ಕೇಳದು. ಅಜ್ಜಿಯ ಕೈಸನ್ನೆ ಮೊಮ್ಮಗಳಿಗೆ ಕಾಣದು. ಹಸಿವಾಯ್ತಾ, ಜ್ವರ ಬಂತಾ, ಎಲ್ಲಿದ್ದೀಯ ಎಂದು ಒಬ್ಬರನ್ನೊಬ್ಬರು ಕೇಳಬೇಕಾದರೆ ಅವರಿಗೆ ಮುಟ್ಟುವುದಲ್ಲದೆ ಬೇರೆ ದಾರಿ ಎಷ್ಟಿದ್ದೀತು? ಮುಟ್ಟಬಾರದವರು ಎಂದು ಸಾವಿರ ವರ್ಷ ಹೇಳಿಸಿಕೊಂಡ ನಮಗೆ ಆ ಮನೆ ಚೆನ್ನಾಗಿ ಅರ್ಥವಾಗುತ್ತದೆ. ಹುಡುಗಿ ಅಜ್ಜಿಯ ಕೈ ಹಿಡಿದು ಬೆಳೆದಳು, ಚಿಕ್ಕಮಗಳೂರಿನ ಅಂಧಮಕ್ಕಳ ಶಾಲೆಯಲ್ಲಿ ಓದಿದಳು, ಅಲ್ಲಿ ಆಟದ ಮೇಷ್ಟರ ಕಣ್ಣಿಗೆ ಬಿದ್ದಳು, ಆಮೇಲೆ ಹಗ್ಗ ಹಿಡಿದು ಓಡಿದಳು. ಇದಿಷ್ಟರಲ್ಲಿ ಪದಕ ಕೇಳುವ ಸ್ವಾಮಿಗಳು ಎಲ್ಲಿದ್ದರು? ವಿಮಾನ ನಿಲ್ದಾಣದಲ್ಲಿ ಇದ್ದರು, ಹಾರ ಹಿಡಿದುಕೊಂಡು.

ಮುಟ್ಟುವ ಮಾತು ಬಂತು. ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಎಂಬ ನಮ್ಮ ಹಿರಿಯರೊಬ್ಬರಿದ್ದರು. ಚಮ್ಮಾರ ಜಾತಿಯವರು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನ ನೋಡಿಕೊಳ್ಳುವ ಕೂಲಿ ಮಾಡುತ್ತ, ಅವರ ಅಭ್ಯಾಸಕ್ಕೆ ಚೆಂಡೆಸೆಯುತ್ತ ಎಡಗೈ ಸ್ಪಿನ್ ಕಲಿತರು. ಪುಣೆಯ ಹಿಂದೂಗಳು ಗೆಲ್ಲಬೇಕು ಅನ್ನುವ ಆಸೆಗೆ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಆಟದೊಳಗೆ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಟೀ ವೇಳೆಗೆ ಮಾತ್ರ ಅವರಿಗೆ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಬಾಲೂ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು, 114. ಲೋಕವೇ ಹೊಗಳಿತು. ಆದರೂ ಹಿಂದೂ ತಂಡಕ್ಕೆ ನಾಯಕ ಆಗಲು ಅವರನ್ನು ಬಿಡಲಿಲ್ಲ. ಆ ಕುರ್ಚಿ ಅವರ ತಮ್ಮ ವಿಠ್ಠಲನಿಗೆ ಸಿಕ್ಕಿದ್ದು 1923ರಲ್ಲಿ. ವಿಕೆಟ್ ಬೇಕಾಗಿತ್ತು, ಆ ಕೈ ಬೇಡವಾಗಿತ್ತು. ಇವತ್ತಿನ ಪದಕದ ಲೆಕ್ಕಿಗರನ್ನು ನೋಡಿದರೆ ಆ ಮಣ್ಣಿನ ಲೋಟ ಇನ್ನೂ ಒಡೆದಿಲ್ಲ ಅನ್ನಿಸುತ್ತದೆ.

ಪದಕ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಶಾಂತಿ ಸೌಂದರರಾಜನ್ ಹೆಸರು ಹೇಳುತ್ತೇವೆ. ಆಕೆಯದೂ ಮಧ್ಯಮ ದೂರದ ಓಟವೇ, 800 ಮೀಟರು. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಇಟ್ಟಿಗೆ ಗೂಡಿನ ಕೂಲಿಗಳ ಮಗಳು, ದಲಿತ ಹೆಣ್ಣುಮಗಳು. 2006ರ ಡಿಸೆಂಬರಿನಲ್ಲಿ ದೋಹಾದ ಏಷ್ಯನ್ ಕೂಟದಲ್ಲಿ 2 ನಿಮಿಷ 3 ಸೆಕೆಂಡಿನಲ್ಲಿ ಓಡಿ, ಪಕ್ಕದವಳಿಗಿಂತ ಕೂದಲೆಳೆಯಷ್ಟು ಮುಂದೆ ಎದೆ ಚಾಚಿ ಬೆಳ್ಳಿ ಗೆದ್ದಳು. ಪದಕ ಬಂತು ತಾನೆ? ಬಂತು. ಆಮೇಲೆ 'ಲಿಂಗ ಪರೀಕ್ಷೆ' ಎಂದು ಬಟ್ಟೆ ಬಿಚ್ಚಿಸಿ ನೋಡಿದರು. ನಪಾಸು ಎಂದರು. ಗುಟ್ಟಾಗಿಡಬೇಕಾದ ವರದಿ ದೇಶದ ಟಿ.ವಿ.ಗಳಲ್ಲಿ ಹರಿದಾಡಿತು. ಬೆಳ್ಳಿ ಕಿತ್ತುಕೊಂಡರು. ಇಲ್ಲಿಯ ಕ್ರೀಡಾ ಧಣಿಗಳಲ್ಲಿ ಒಬ್ಬನೂ ಆಕೆಯ ಪಕ್ಕದಲ್ಲಿ ನಿಂತು ಜಗಳ ಆಡಲಿಲ್ಲ. ತಮಿಳುನಾಡಿನ ಕರುಣಾನಿಧಿ ಸರ್ಕಾರ ಕೊಡುತ್ತೇನೆಂದ ಹದಿನೈದು ಲಕ್ಷವನ್ನು ಮಾತು ತಪ್ಪದೆ ಕೊಟ್ಟಿತು, ಅದನ್ನು ಹೇಳಲೇಬೇಕು. ಆ ದುಡ್ಡಿನಲ್ಲಿ ಆಕೆ ಊರಿನ ಬಡಮಕ್ಕಳನ್ನು ಓಡಿಸಲು ಹೊರಟಳು. ಸಾಯಲೂ ಒಮ್ಮೆ ನೋಡಿದಳು. 2012ರ ಹೊತ್ತಿಗೆ ಅಪ್ಪ ಅವ್ವ ದುಡಿದ ಇಟ್ಟಿಗೆ ಗೂಡಿಗೇ ದಿನಗೂಲಿಗೆ ವಾಪಸು ಬಂದಿದ್ದಳು. ಏಷ್ಯಾದ ಎರಡನೇ ಓಟಗಾರ್ತಿ ತಲೆಯ ಮೇಲೆ ಇಟ್ಟಿಗೆ ಹೊತ್ತಳು. ಬಹಳ ಕಾಲದ ಮೇಲೆ ತಮಿಳುನಾಡಿನಲ್ಲಿ ಕೋಚ್ ಕೆಲಸ ಸಿಕ್ಕಿತು.

2015ರಲ್ಲಿ ಒಡಿಶಾದ ನೇಕಾರರ ಮಗಳು ದ್ಯುತಿ ಚಂದ್ ಕ್ರೀಡಾ ನ್ಯಾಯಾಲಯಕ್ಕೆ ಹೋಗಿ ಇದೇ ಬಗೆಯ ನಿಯಮವನ್ನು ತಡೆಸಿದಳು. ಹೋರಾಡಿದರೆ ಗೆಲ್ಲಬಹುದು ಎಂದು ತೋರಿಸಿದ್ದು ಅವಳು. ಶಾಂತಿಯ ಕಾಲಕ್ಕೆ ವಕೀಲನೂ ಇರಲಿಲ್ಲ, ಹಗ್ಗದ ಇನ್ನೊಂದು ತುದಿ ಹಿಡಿಯುವವನೂ ಇರಲಿಲ್ಲ. ಅಲ್ಲಿಗೆ ಪದಕದ ಬಲ ಎಷ್ಟು ಅಂತ ಗೊತ್ತಾಯ್ತಲ್ಲ.

ಈಗ ತಕ್ಕಡಿಗೆ ಬರೋಣ. ಕೇಂದ್ರ ಸರ್ಕಾರದ್ದು ಒಂದು ಯೋಜನೆ ಇದೆ, 2014ರಲ್ಲಿ ಶುರುವಾದದ್ದು, ಟಾಪ್ಸ್ ಅಂತ. ಟಾರ್ಗೆಟ್ ಒಲಿಂಪಿಕ್ ಪೋಡಿಯಂ. ಗುರಿ ಏನೆಂದು ಹೆಸರಿನಲ್ಲೇ ಇದೆ: ಪದಕದ ಕಟ್ಟೆ. ಪದಕ ತರುವಂತೆ ಕಾಣುವವರನ್ನು ಆರಿಸಿ ತಿಂಗಳಿಗೆ 50,000 ರೂಪಾಯಿ ಕೈಖರ್ಚಿಗೆ ಕೊಡುವುದು, ತರಬೇತಿಗೆ ಬೇರೆ. ಮುಂದೆ ಬೆಳೆಯಬಹುದು ಅನ್ನಿಸಿದವರಿಗೆ ಅದರಲ್ಲಿ ಅರ್ಧ. ಕೊಡಲಿ, ಬೇಡ ಎನ್ನುವುದಿಲ್ಲ. ಓಡುವವರ ಹೊಟ್ಟೆಗೆ ಬಿದ್ದ ದುಡ್ಡಿನ ಬಗ್ಗೆ ನಾವು ಹೊಟ್ಟೆಕಿಚ್ಚು ಪಡುವವರಲ್ಲ. ಆದರೆ ಪದಕ ತರುವ ಹಾಗೆ 'ಕಾಣುವುದು' ಹೇಗೆ? ಯಾರೋ ಮೊದಲು ಹಾಲು ಕುಡಿಸಿ, ಬೂಟು ಕೊಡಿಸಿ, ಬಸ್ಸಿನ ಚಾರ್ಜು ಕೊಟ್ಟು, ಅಂಗಳದವರೆಗೆ ಕರೆದುಕೊಂಡು ಹೋದ ಮೇಲಲ್ಲವೇ ಕಾಣುವುದು? ಆ ಮೊದಲ ಯಾರೋ ನಮ್ಮ ಮನೆಗಳಲ್ಲಿ ಒಬ್ಬ ಅಜ್ಜಿ, ಒಬ್ಬ ಬೀಡಿ ಕಟ್ಟುವ ತಾಯಿ. ಬೆಳೆ ಬಂದ ಮೇಲೆ ಗೊಬ್ಬರದ ಸಾಲ ಮಂಜೂರು ಮಾಡುವ ಬ್ಯಾಂಕಿನ ಹಾಗಿದೆ ಈ ವ್ಯವಹಾರ. ಬೆಳೆ ಬಾರದವನ ಗದ್ದೆಗೆ ಬರುವುದು ಜಪ್ತಿ ನೋಟೀಸು. ಪ್ಯಾರಿಸ್ಸಿನಲ್ಲಿ ಮೊದಲ ಸುತ್ತಿಗೇ ನಿಂತ ದಿನ ರಕ್ಷಿತಾ ಬಗ್ಗೆ ಎಷ್ಟು ಸಾಲು ಬರೆದರು, ಹಾಂಗ್‌ಝೌನ ದಿನ ಎಷ್ಟು ಬರೆದರು, ಹಳೇ ಪೇಪರಿನ ಅಂಗಡಿಗೆ ಹೋಗಿ ತಾಳೆ ಹಾಕಿ ನೋಡಿ.

ನಮ್ಮ ಬಂಧುಗಳಲ್ಲೂ ಕೆಲವರು ಸಭೆಗಳಲ್ಲಿ ಎದ್ದುನಿಂತು, 'ನಮ್ಮವರೊಬ್ಬರು ಚಿನ್ನ ತಂದರೆ ನಮ್ಮ ಮಾನ ಏರುತ್ತದೆ, ಆಗ ಮೇಲ್ಜಾತಿಯವರೇ ಕೈಮುಗಿಯುತ್ತಾರೆ' ಎನ್ನುತ್ತಾರೆ. ಅವರ ಮೇಲೆ ನಮಗೆ ಸಿಟ್ಟಿಲ್ಲ, ದುಃಖವಿದೆ. ನಮ್ಮ ಮಾನ ಇನ್ನೊಬ್ಬರ ಕೈಮುಗಿತದ ಮೇಲೆ ನಿಂತಿದೆಯೇ? 114 ವಿಕೆಟ್ ತೆಗೆದವರ ಮಾನ ಏರಿತೇ? ಬಾಬಾಸಾಹೇಬರಿಗಿಂತ ಹೆಚ್ಚಿನ ಡಿಗ್ರಿಗಳನ್ನು ಕೊರಳಿಗೆ ಹಾಕಿಕೊಂಡವರು ಆ ಕಾಲದಲ್ಲಿ ಎಷ್ಟು ಜನ? ಬರೋಡಾದಲ್ಲಿ ಅವರ ಮೇಜಿಗೆ ಜವಾನರು ಫೈಲನ್ನು ಎಸೆದೇ ಹೋದರು, ಇರಲು ಒಂದು ಕೋಣೆ ಸಿಗಲಿಲ್ಲ. ಪದಕದಿಂದ ಮಾನ ಬರುವುದಿದ್ದರೆ ಅವತ್ತೇ ಬರಬೇಕಾಗಿತ್ತು. ಮನುಷ್ಯರಾಗಿ ಹುಟ್ಟಿದ್ದಕ್ಕೆ ಕೊಡಬೇಕಾದ್ದನ್ನು ಗೆದ್ದು ತೋರಿಸಿದ ಮೇಲೆ ಕೊಡುತ್ತೇವೆ ಎನ್ನುವವರ ಜೊತೆ ನಾವು ಚೌಕಾಸಿಗೆ ಕೂರುವುದಿಲ್ಲ.

ಹಾಗಂತ ಪದಕ ಬೇಡ ಅನ್ನುವ ಸನ್ಯಾಸಿಗಳೂ ನಾವಲ್ಲ. ರಕ್ಷಿತಾ ಗೆದ್ದರೆ ನಾವೂ ಕುಣಿಯುತ್ತೇವೆ, ತಮಟೆ ನಮ್ಮದೇ ಇದೆ. ಸೋತರೂ ಆಕೆ ನಮ್ಮವಳೇ. ಆಕೆಯ ಹೆಸರಿನಲ್ಲಿ ನಾವು ಕೇಳಬೇಕಾದ್ದು ಬೇರೆ ಇದೆ.

ರಾಜೀವನಗರವನ್ನೇ ತೆಗೆದುಕೊಳ್ಳಿ. ಇಲ್ಲಿ ಹೆಚ್ಚಿನವರು ಮುಸ್ಲಿಂ ಬಂಧುಗಳು. ಪಕ್ಕಪಕ್ಕದ ಬಡಾವಣೆಗಳಲ್ಲಿ ನಮ್ಮವರು. ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ, ಗಾರೆ ಕೆಲಸಕ್ಕೆ ಹೋಗುವ ಮನೆಗಳು. ಊರು ನಮ್ಮಿಬ್ಬರಿಗೂ ಒಂದೇ ದೂರದಲ್ಲಿ ಜಾಗ ಕೊಟ್ಟಿದೆ. ದಸರಾ ಬಂದಾಗ ನಜರ್‌ಬಾದಿನ ಚಾಮುಂಡಿ ವಿಹಾರದಲ್ಲಿ ಕ್ರೀಡಾಕೂಟ ಮಾಡುತ್ತಾರೆ, ಬಾವುಟ ಕಟ್ಟುತ್ತಾರೆ, ಮಂತ್ರಿಗಳು ಪಾರಿವಾಳ ಬಿಡುತ್ತಾರೆ. ಆ ಅಂಗಳಕ್ಕೆ ಇಲ್ಲಿಂದ ಒಂದು ಹುಡುಗಿ ದಿನಾ ಬೆಳಿಗ್ಗೆ ಐದೂವರೆಗೆ ಹೋಗಬೇಕಾದರೆ ಬಸ್ಸು ಬೇಕು, ಜೊತೆ ಬೇಕು, ಅವಳ ಅವ್ವನಿಗೆ ಧೈರ್ಯ ಬೇಕು, ಬಂದ ಮೇಲೆ ಮೊಟ್ಟೆ ಬೇಕು. ಕಣ್ಣು ಕಾಣದ ಹುಡುಗಿಯಾದರೆ ಹಗ್ಗ ಹಿಡಿಯುವವರು ಬೇಕು. ಇದರಲ್ಲಿ ಒಂದಕ್ಕೂ ಸರ್ಕಾರದ ಯಾವ ಪುಸ್ತಕದಲ್ಲೂ ಲೆಕ್ಕದ ಕಾಲಂ ಇದ್ದಂತಿಲ್ಲ. ಪದಕಕ್ಕೆ ಕಾಲಂ ಇದೆ.

ಕಾನೂನು ಇಲ್ಲ ಎಂದೇನೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಮು ಪೂರ್ತಿ ಕ್ರೀಡೆಯ ಬಗ್ಗೆಯೇ ಇದೆ. ಅಂಗವಿಕಲರು ಆಟೋಟದಲ್ಲಿ ಭಾಗವಹಿಸುವಂತೆ ಸರ್ಕಾರ ಕ್ರಮ ತೆಗೆದುಕೊಳ್ಳಬೇಕು, ಹಣ ಒದಗಿಸಬೇಕು, ಸೌಲಭ್ಯ ಕಟ್ಟಬೇಕು ಎಂದು ಅದು ಹೇಳುತ್ತದೆ. ಗೆದ್ದವರಿಗೆ ಮಾತ್ರ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಪರಿಶಿಷ್ಟರ ಉಪಯೋಜನೆಯ ಹಣವನ್ನು ಬೇರೆ ಕೆಲಸಕ್ಕೆ ಸಾಗಿಸಲು ದಾರಿ ಕೊಟ್ಟಿದ್ದ 7-ಡಿ ಎಂಬ ಕಳ್ಳಕಿಂಡಿಯನ್ನೂ 2023ರಲ್ಲಿ ಮುಚ್ಚಿದ್ದಾರೆ, ನಮ್ಮ ಸಂಘಟನೆಗಳು ವರ್ಷಗಟ್ಟಲೆ ಬೀದಿಯಲ್ಲಿ ಕೂಗಿದ ಮೇಲೆ. ಹಾಗಾದರೆ ಕೇರಿಯ, ಕೊಳೆಗೇರಿಯ ಮಕ್ಕಳ ಓಟಕ್ಕೆ ದುಡ್ಡಿಲ್ಲ ಎಂದು ಯಾವ ಬಾಯಲ್ಲಿ ಹೇಳುತ್ತಾರೆ?

ಆದ್ದರಿಂದ ಬರುವ ವಾರ ನಾವು ಹತ್ತು ಹದಿನೈದು ಜನ ಯುವಜನ ಕ್ರೀಡಾ ಇಲಾಖೆಯ ಜಿಲ್ಲಾ ಕಛೇರಿಗೆ ಹೋಗುತ್ತೇವೆ. ಈ ಹಾಳೆ ಕೊಂಡವರು ಬರಬಹುದು, ಮಕ್ಕಳನ್ನೂ ಕರೆತರಬಹುದು. ಜಿಲ್ಲೆಯಲ್ಲಿ ಸಂಬಳ ಕೊಟ್ಟು ಇಟ್ಟುಕೊಂಡಿರುವ ಗೈಡ್ ಓಟಗಾರರು ಎಷ್ಟು ಮಂದಿ, ಅವರ ಹೆಸರೇನು, ಸಂಬಳ ಎಷ್ಟು ಎಂದು ಬರೆದುಕೊಡಿ ಅಂತ ಕೇಳುತ್ತೇವೆ. ಅಂಧ ಮಕ್ಕಳ ಶಾಲೆಗಳಿಂದ ಅಂಗಳಕ್ಕೆ ಬಸ್ಸು ಯಾವ ಹೊತ್ತಿಗೆ ಎಂದು ಕೇಳುತ್ತೇವೆ. 800, 1500 ಓಡುವ ನಮ್ಮ ಕೇರಿಯ, ರಾಜೀವನಗರದ ಹುಡುಗರಲ್ಲಿ ಕೆಲಸವಿಲ್ಲದೆ ಕೂತವರು ಎಷ್ಟೋ ಜನ ಇದ್ದಾರೆ. ತರಬೇತಿ ಕೊಟ್ಟು, ತಿಂಗಳ ಸಂಬಳಕ್ಕೆ ಹಗ್ಗದ ಆ ತುದಿಗೆ ಅವರನ್ನು ನಿಲ್ಲಿಸಿ ಅಂತ ಅರ್ಜಿ ಬರೆದಿದ್ದೇವೆ. ಸಾಹೇಬರು ಅರ್ಜಿಯ ಮೇಲೆ ಕಣ್ಣಾಡಿಸಿ, 'ಇದರಿಂದ ಪದಕ ಬತ್ತದಾ?' ಎಂದರೆ, ರಶೀದಿ ಕೊಡಿ ಸ್ವಾಮಿ, ಅರ್ಜಿ ತಲುಪಿದ್ದಕ್ಕೆ ದಿನಾಂಕ ಹಾಕಿ ಸಹಿ ಮಾಡಿ ಎನ್ನುತ್ತೇವೆ.